ಣಕಾರದವರೆಗಿನ ಅಭ್ಯರ್ಥಿ

ಫೆಬ್ರವರಿ ೯, ಸೋಮವಾರ

ನನ್ನ ಮನೆಯ ಸೂರು ಬಿಚ್ಚಿ ಹಾಕಿದ್ದಾರೆ. ಹೊಸದು ಹಾಕುವವರೆಗೆ ಊರಿನ ಈ ತುದಿಯಲ್ಲಿರುವ ಮಗಳ ಮನೆಯೇ ಗತಿ. ಎರಡು ಚೀಲ ತಂದಿದ್ದೇನೆ. ಬಟ್ಟೆಯದನ್ನು ಬಿಚ್ಚಿದೆ. ಇನ್ನೊಂದರಲ್ಲಿ ನನ್ನ ಪುಸ್ತಕ ಬೈಂಡಿಂಗಿನ ಸಾಮಾನು: ಸೂಜಿ, ದಾರ, ಕುಂಚ, ಅಂಟಿನ ಡಬ್ಬ. ಅದನ್ನು ಬಿಚ್ಚುವುದಿಲ್ಲ. ಬಿಚ್ಚಿದರೆ ಮುದುಕಿ ಇಲ್ಲೇ ಬೇರು ಬಿಟ್ಟಳು ಅಂದುಕೊಂಡಾರು.

ಅಕ್ಕ ಇದ್ದಾಗ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಅವಳು ಹೋದ ಮೇಲೂ ಕೈ ಸುಮ್ಮನಿರುವುದಿಲ್ಲ. ಹಾಗಾಗಿ ಇದು.

ಅಳಿಯನನ್ನು ನಾನು ಮನಸ್ಸಿನಲ್ಲಿ ಕರೆಯುವುದು ಜನರೇಟರ್ ಎಂದೇ. ಸಭೆ ಸಮಾರಂಭದಲ್ಲಿ ಕರೆಂಟು ಹೋದರೆ ಬಾಡಿಗೆಗೆ ಜನರೇಟರ್ ತಂದು ನಿಲ್ಲಿಸುವುದು ಅದರ ಕಸುಬು. ಸ್ವಭಾವವೂ ಅದೇ: ದೂರದಿಂದಲೇ ಸದ್ದು, ಹತ್ತಿರ ಬಂದರೆ ಡೀಸೆಲ್ ವಾಸನೆ. ಮಧ್ಯಾಹ್ನ ಮನೆಗೆ ಬಂತು, ನಿಂತುಕೊಂಡೇ ಉಂಡಿತು.

"ಅತ್ತೆ, ಆರಾಮಾಗಿ ಬಂದ್ರಾ?"

"ಬಂದೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಹೋಯಿತು. ಆಮೇಲೆ ಮಗಳು ಮೆಲ್ಲಗೆ ಬಾಯಿ ಬಿಟ್ಟಳು. ಜನರೇಟರ್ ಈ ಸಲ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಂತಿದೆಯಂತೆ! ಎದುರಿಗೆ ಯಾರು? ನಮ್ಮ ಹೆಡ್ಮೇಷ್ಟ್ರು. ಗ್ರಂಥಾಲಯದ ಕಾರ್ಯದರ್ಶಿಯಾಗಿ ಮೂವತ್ತು ವರ್ಷ ನನಗೆ ಬೈಂಡಿಂಗ್ ಕೆಲಸ ಕೊಟ್ಟವರು. ಹರಿದ ಪುಸ್ತಕವನ್ನೂ ಎರಡು ಕೈಯಲ್ಲಿ ಹಿಡಿದು ಕೊಡುವ ಮನುಷ್ಯ. ಮಾತಾಡಿದರೆ ಒಂದೊಂದು ವಾಕ್ಯವೂ ಹೊಲಿದಿಟ್ಟ ಹಾಗೆ. ನನ್ನ ಓಟು ಅವರಿಗೇ. ಮಗಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಫೆಬ್ರವರಿ ೧೨, ಗುರುವಾರ

ಪ್ರಣಾಳಿಕೆ ಅಚ್ಚಾಗಿ ಬಂತು. ಜನರೇಟರಿನ ಬಾಲ್ಯದ ಗೆಳೆಯ ಒಬ್ಬನಿದ್ದಾನೆ, ಪ್ರಿಂಟಿಂಗ್ ಪ್ರೆಸ್ಸಿನವನು. ಪ್ರಚಾರದ ಮುಖ್ಯಸ್ಥ ಅವನೇ, ಬರೆದವನು ಅವನೇ, ಅಚ್ಚು ಹಾಕಿದವನೂ ಅವನೇ. ತಿದ್ದುವವರು ಯಾರೂ ಇರಲಿಲ್ಲ ಎಂಬುದು ಓದಿದರೆ ಗೊತ್ತಾಗುತ್ತದೆ.

"ವಿಜ್ಞಾನ: ಪ್ರೋತ್ಸಾಹಿಸಲಾಗುವುದು. ಇಂಧನ: ಒದಗಿಸಲಾಗುವುದು. ಶಿಕ್ಷಣ: ನೀಡಲಾಗುವುದು."

ಇಷ್ಟೇ. ಕೆಳಗೆ ದೊಡ್ಡ ಜನರೇಟರಿಗೆ ಒರಗಿಕೊಂಡು ನಮ್ಮ ಜನರೇಟರ್ ನಗುತ್ತಿರುವ ಫೋಟೋ.

"ಯಾರು ಕೊಡ್ತಾರೆ, ಯಾವಾಗ, ಹೇಗೆ, ಏನೂ ಇಲ್ವಲ್ಲಪ್ಪಾ?" ಎಂದೆ.

"ಜಾಗ ಸಾಲಲಿಲ್ಲಮ್ಮಾ," ಎಂದ ಪ್ರೆಸ್ಸಿನವನು. "ಫೋಟೋ ದೊಡ್ಡದಾಗ್ಬಿಡ್ತು."

ಹಾಳೆಯ ಮಡಿಕೆಯೂ ಓರೆ. ಅದನ್ನು ಹೇಳದೆ ನುಂಗಿಕೊಂಡೆ. ಸಂಜೆ ಬೀದಿ ತಿರುವಿನಲ್ಲಿ ಹೆಡ್ಮೇಷ್ಟ್ರ ಭಾಷಣ. ಕಿಟಕಿ ತೆಗೆದು ಕೇಳಿದೆ. "ಅರಿವೆಂಬುದು ಮನೆಯ ದೀಪವಲ್ಲ, ಬೀದಿಯ ದೀಪ." ಎಂಥ ಮಾತು! ಬರೆದಿಟ್ಟುಕೊಂಡೆ. ಅಷ್ಟು ಹೇಳುವಷ್ಟರಲ್ಲಿ ಕರೆಂಟು ಹೋಗಿ ಮೈಕು ನಿಂತಿತು.

ಫೆಬ್ರವರಿ ೧೫, ಭಾನುವಾರ

ಮನೆಯಲ್ಲಿ ಗಂಡಾಂತರ. ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನ ಸಂಘ ಮುಂದಿನ ತಿಂಗಳು ಒಂದನೇ ತಾರೀಖು ಸಭೆ ಇಟ್ಟಿದೆ. ಅಭ್ಯರ್ಥಿಗಳು ವೇದಿಕೆ ಮೇಲೆ ಕೂರಬೇಕು, ವಿಜ್ಞಾನ, ಇಂಧನ, ಶಿಕ್ಷಣದ ಬಗ್ಗೆ ಹುಡುಗಿಯರು ಪ್ರಶ್ನೆ ಕೇಳುತ್ತಾರೆ. ಚೀಟಿ ನೋಡುವ ಹಾಗಿಲ್ಲ. ಕಣದಲ್ಲಿರುವ ಮೂರನೆಯವರು, ಹಾಲಿ ಸದಸ್ಯರು, ಶುಭಾಶಯ ಕಳಿಸಿ ಕೈ ತೊಳೆದುಕೊಂಡಿದ್ದಾರೆ. ಹೆಡ್ಮೇಷ್ಟ್ರು ಒಪ್ಪಿದ್ದಾರೆ. ನಮ್ಮ ಜನರೇಟರಿಗೋ ಫೋನಿನಲ್ಲಿ ಯಾರು ಏನು ಕೇಳಿದರೂ ಮೊದಲು "ಆಗುತ್ತೆ ಬಿಡಿ" ಅಂದುಬಿಡುವುದು ಕಸುಬಿನಿಂದ ಬಂದ ಚಟ. ಅಂದುಬಿಟ್ಟಿತು. ಆಮೇಲೆ ಕೇಳಿತು: "ಎಷ್ಟು ಹೊತ್ತಿಗೆ ಗಾಡಿ ಕಳಿಸ್ಲಿ?" "ಗಾಡಿ ಬೇಡ ಸಾರ್, ನೀವು ಬನ್ನಿ" ಎಂದರಂತೆ. ಆಗಿನಿಂದ ಮುಖದಲ್ಲಿ ಕಳೆಯಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ, "ಅಮ್ಮಾ, ನೀನೇ ಇವರಿಗೆ ಕಲಿಸು" ಎಂದಳು.

"ನಾನಾ? ನಾಲ್ಕನೇ ಕ್ಲಾಸಿಗೆ ಬಿಟ್ಟೋಳು!"

"ಅಂಟಿನ ಡಬ್ಬ, ದಾರದ ಉಂಡೆ ಇಟ್ಕೊಂಡು ನನಗೆ ಗ್ರಹಣ ತೋರಿಸಿದ್ದು ಯಾರು ಮತ್ತೆ? ಅಮ್ಮಾ, ಓಟು ಹೋದ್ರೆ ಹೋಗ್ಲಿ. ಆ ಮಕ್ಕಳೆದುರು ನಗೆಪಾಟಲಾದ್ರೆ ಇವರು ಇನ್ನು ಯಾರ ಮುಂದೇನೂ ಬಾಯಿ ಬಿಡಲ್ಲ. ನನಗೆ ಗೊತ್ತು ಇವರು. ಸದ್ದು ಜಾಸ್ತಿ, ಎದೆ ಪುಕ್ಕಲು."

ಒಪ್ಪಿಕೊಂಡೆ. ವಿಜ್ಞಾನ ನನಗೇನೂ ಹೊಸದಲ್ಲ. ಬೈಂಡಿಂಗಿಗೆ ಬಂದ ಪುಸ್ತಕವನ್ನು ಅಂಟು ಒಣಗುವವರೆಗೆ ಓದಿ ಕಲಿತವಳು ನಾನು. ಕೈಗೆ ಬಾರದ ಪುಸ್ತಕ ಓದುವುದು ನನ್ನ ಮಟ್ಟಿಗೆ ಇನ್ನೊಬ್ಬರ ಕಾಗದ ಒಡೆದು ಓದಿದ ಹಾಗೆ. ಗ್ರಂಥಾಲಯದಲ್ಲಿ ನಾಲ್ಕು ಸಂಪುಟದ ವಿಜ್ಞಾನ ವಿಶ್ವಕೋಶ ಇದೆ. ಮೊದಲನೆಯದು ಅ ದಿಂದ ಔ, ಎರಡನೆಯದು ಕ ದಿಂದ ಣ. ಎರಡನ್ನೂ ನಾನು ಬಿಚ್ಚಿ ಹೊಲಿದದ್ದಕ್ಕೆ ಲೆಕ್ಕವಿಲ್ಲ, ಸಾಲು ಸಾಲೇ ಬಾಯಿಪಾಠ. ಉಳಿದೆರಡು ಯಾಕೋ ಹರಿಯಲೇ ಇಲ್ಲ. ಗಟ್ಟಿ ಕಾಗದ ಇರಬೇಕು.

ಕಲಿಸುವುದು ಕಲಿಸುವುದೇ, ಓಟು ಹೆಡ್ಮೇಷ್ಟ್ರಿಗೇ.

ಫೆಬ್ರವರಿ ೧೭, ಮಂಗಳವಾರ

ಮೊದಲ ಪಾಠ, ಅಡುಗೆಮನೆಯ ಮೇಜಿನ ಮುಂದೆ. ಜನರೇಟರ್ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದೇ ಇವತ್ತು. ಕುಳಿತರೆ ಅಷ್ಟೇನೂ ದೊಡ್ಡ ಆಳಲ್ಲ.

"ಜಲವಿದ್ಯುತ್ತು. ಮೇಲಿಂದ ನೀರು ಬೀಳುತ್ತೆ, ಚಕ್ರ ತಿರುಗುತ್ತೆ. ಹೇಳಿ ನೋಡೋಣ," ಎಂದೆ.

"ನೀರು ಬೀಳುತ್ತೆ, ಚಕ್ರ ತಿರುಗುತ್ತೆ. ನೀರಿಗೆ ಬಾಡಿಗೆ ಯಾರು ಕೊಡ್ತಾರೆ ಅತ್ತೆ?"

"ನದಿಗೆ ಯಾರೂ ಬಾಡಿಗೆ ಕೊಡಲ್ಲ."

"ಅಯ್ಯೋ! ನಾನು ಇಷ್ಟು ವರ್ಷ ಡೀಸೆಲ್ ಹಾಕ್ಕೊಂಡು ಕೂತಿದ್ದೀನಲ್ಲ."

ನಗು ಬಂತು, ತೋರಿಸಲಿಲ್ಲ. ಆಮೇಲೆ ಗಾಳಿಯಂತ್ರ, ಕಲ್ಲಿದ್ದಲು, ಅಣುಶಕ್ತಿ. ಡೀಸೆಲ್ ಬಂದಾಗ ಮಾತ್ರ ಅದು ನನಗೆ ಪಾಠ ಹೇಳಿತು, ವಿಶ್ವಕೋಶದಲ್ಲಿ ಇಲ್ಲದ್ದೂ ಗೊತ್ತಿದೆ. ತಪ್ಪಿದಾಗ ಗದರಿದೆ. ಗದರಿದರೆ ಮುಖ ಸಣ್ಣ ಮಾಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಸರಿ ಹೇಳಿದಾಗ ಟೀ ಮಾಡಿಕೊಟ್ಟೆ. ಎರಡು ಲೋಟ ಕುಡಿಯಿತು.

ಫೆಬ್ರವರಿ ೧೯, ಗುರುವಾರ

ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಅಳಿಯಂದಿರು ಬಚ್ಚಲ ಬಾಗಿಲಲ್ಲಿ ಬಂದು ನಿಂತರು.

"ಅತ್ತೆ, ನಿನ್ನೆ ಓದಿಸಿದ್ರಲ್ಲ, ಚಂದ್ರ ವರ್ಷಕ್ಕೆ ಒಂದೂವರೆ ಅಂಗುಲ ನಮ್ಮಿಂದ ದೂರ ಹೋಗ್ತಿದೆ ಅಂತ. ನಿಜವಾ?"

"ನಿಜ."

"ಯಾರೂ ಏನೂ ಮಾಡ್ತಾ ಇಲ್ವಾ?"

"ಮಾಡೋದಕ್ಕೇನಿದೆ? ಅದರ ಪಾಡಿಗೆ ಅದು ಹೋಗುತ್ತೆ."

"ಛೆ," ಎಂದರು. ನಿಜವಾಗಿಯೂ ಬೇಜಾರಾಗಿತ್ತು. ತಿಂಡಿ ತಿನ್ನುವಾಗಲೂ ಅದೇ ಯೋಚನೆ. ಪ್ರಣಾಳಿಕೆಗೆ ಸೇರಿಸೋಣವೇ ಎಂದು ಪ್ರೆಸ್ಸಿನವನಿಗೆ ಫೋನು ಮಾಡಿದರು. ಅವನು ಜಾಗವಿಲ್ಲ ಎಂದನಂತೆ.

ನೋಡು ಅಕ್ಕಾ, ನಾನು ಅದನ್ನು ಓದಿ ಇಪ್ಪತ್ತೈದು ವರ್ಷವಾಯಿತು. ಒಂದು ದಿನವೂ ನನಗೆ ಛೆ ಅನ್ನಿಸಿರಲಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಮೊಣಕಾಲು ನೋವು. ಪಾಠ ಮಂಚದ ಮೇಲಿಂದಲೇ ಆಯಿತು.

ಫೆಬ್ರವರಿ ೨೪, ಮಂಗಳವಾರ

ಪ್ರೆಸ್ಸಿನವನು ಬಂದಿದ್ದ, ಅಳಿಯ ಇನ್ನೂ ಬಂದಿರಲಿಲ್ಲ. ಟೀ ಕೊಟ್ಟು ಸುಮ್ಮನೆ ಕೇಳಿದೆ, "ಇವರಿಗೆ ಈ ಚುನಾವಣೆ ಚಪಲ ಎಲ್ಲಿಂದ ಅಂಟಿಕೊಳ್ತು?"

"ಚಪಲಾನಾ? ಅವನಿಗಾ? ಹೋದ ವರ್ಷ ಮಕ್ಕಳ ಪರೀಕ್ಷೇಲಿ ಕರೆಂಟು ಹೋಯ್ತಲ್ಲಮ್ಮ, ಕತ್ತಲೆ ಹಾಲಲ್ಲಿ ಮಕ್ಕಳು ಕೂತಿದ್ವು. ಇವನು ಯಾವುದೋ ರಿಸೆಪ್ಷನ್ನಿಗೆ ಹೊರಟಿದ್ದ ಜನರೇಟರನ್ನ ಅರ್ಧ ದಾರೀಲಿ ತಿರುಗಿಸಿಕೊಂಡು ಸ್ಕೂಲಿಗೆ ತಂದ್ಬಿಟ್ಟ. ರಿಸೆಪ್ಷನ್ನಿನವರು ಇವನ ಕಾಲರ್ ಹಿಡಿಯೋದೊಂದು ಬಾಕಿ. ಆಮೇಲೆ ಆ ಮಕ್ಕಳ ಅಪ್ಪ ಅಮ್ಮಂದಿರೇ ನಿಂತ್ಕೋ ನಿಂತ್ಕೋ ಅಂತ ಹಿಂದೆ ಬಿದ್ದಿದ್ದು."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಗಳನ್ನು ಕೇಳಿದರೆ, ಆಗಲೇ ಹೇಳಿದ್ದಳಂತೆ. ನಾನು "ಹೂಂ" ಎಂದು ತರಕಾರಿ ಹೆಚ್ಚುತ್ತಿದ್ದೆನಂತೆ.

ಹೆಡ್ಮೇಷ್ಟ್ರು ಮತ್ತೆ ತಿರುವಿನಲ್ಲಿ ಮಾತಾಡಿದರು. ಚೆನ್ನಾಗಿತ್ತು. ಸ್ವಲ್ಪ ಉದ್ದವಾಯಿತು.

ಫೆಬ್ರವರಿ ೨೭, ಶುಕ್ರವಾರ

ಕೊನೆಯ ತಾಲೀಮು. ಮಗಳು ವಿದ್ಯಾರ್ಥಿನಿಯಾಗಿ ಕೈಯೆತ್ತಿ ಪ್ರಶ್ನೆ ಕೇಳಿದಳು. ಉಗಿಯಂತ್ರ, ಇಂಗಾಲ, ಗುರುತ್ವ, ಜಲವಿದ್ಯುತ್ತು, ಯಾವುದಕ್ಕೂ ನಮ್ಮ ಹುಡುಗ ತಡವರಿಸಲಿಲ್ಲ. ಟರ್ಬೈನು ಹೇಳುವಾಗ ಎರಡು ಕೈಯನ್ನೂ ತಿರುಗಿಸಿ ತೋರಿಸುತ್ತಾನೆ. ನನಗೇ ಇಷ್ಟು ಚೆನ್ನಾಗಿ ಬರುವುದಿಲ್ಲ.

"ಸೋಲಾರು?" ಎಂದಳು ಮಗಳು.

ಅವನು ನನ್ನ ಮುಖ ನೋಡಿದ.

"ಅದು ಅಷ್ಟು ಮುಖ್ಯವಾಗಿದ್ದಿದ್ರೆ ನನ್ನ ಕೈಗೆ ಬಂದಿರ್ತಿತ್ತು," ಎಂದೆ. "ಅದನ್ನ ಯಾರೂ ಕೇಳಲ್ಲ."

ಮಗಳು ಮುಂದಿನ ಪ್ರಶ್ನೆಗೆ ಕೈಯೆತ್ತಿದಳು.

ಮಾರ್ಚ್ ೧, ಭಾನುವಾರ

ಎಲ್ಲಿಂದ ಶುರು ಮಾಡಲಿ?

ಶಾಲೆಯ ದೊಡ್ಡ ಹಾಲು, ತುಂಬಿ ತುಳುಕುವಷ್ಟು ಜನ. ವೇದಿಕೆ ಮೇಲೆ ಮೂರು ಕುರ್ಚಿ. ಒಂದರಲ್ಲಿ ಹೆಡ್ಮೇಷ್ಟ್ರು, ಒಂದರಲ್ಲಿ ಇವನು, ಒಂದರಲ್ಲಿ ಹಾಲಿ ಸದಸ್ಯರ ಶುಭಾಶಯದ ಹೂಗುಚ್ಛ. ಇಸ್ತ್ರಿ ಶರ್ಟಿನಲ್ಲಿ ಇವನ ಕುತ್ತಿಗೆ ಅದುಮಿದ ಹಾಗೆ ಕಾಣುತ್ತಿತ್ತು. ನಾನು, ಮಗಳು, ಪ್ರೆಸ್ಸಿನವನು ಮೂರನೇ ಸಾಲು.

ಮೊದಲ ಪ್ರಶ್ನೆ ಜಲವಿದ್ಯುತ್ತಿನದು. ಎದ್ದು ನಿಂತು ಹೇಳಿದ ನೋಡು ಅಕ್ಕಾ, ಅಕ್ಷರ ಬಿಡದೆ, ಕೈ ತಿರುಗಿಸುತ್ತಾ. ಚಪ್ಪಾಳೆ! ಗಾಳಿಯಂತ್ರಕ್ಕೂ ಚಪ್ಪಾಳೆ. ಕಲ್ಲಿದ್ದಲಿನ ಹೊಗೆಯ ಬಗ್ಗೆ ಹೇಳುವಾಗ ಹೆಡ್ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಇವನನ್ನು ಹೊಸಬನನ್ನು ನೋಡುವಂತೆ ನೋಡಿದರು. ಪ್ರೆಸ್ಸಿನವನು ಕೂತಲ್ಲೇ ಕುಣಿಯುತ್ತಿದ್ದ.

ಆಗ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಸಾರ್, ನಮ್ಮ ಶಾಲೆಗೆ ಸೌರಶಕ್ತಿ ಹಾಕಿಸೋದರ ಬಗ್ಗೆ ನಿಮ್ಮ ಅಭಿಪ್ರಾಯ?"

ಇವನು ಮೂರನೇ ಸಾಲು ನೋಡಿದ. ನಾನು ನನ್ನ ಮಡಿಲು ನೋಡಿಕೊಂಡೆ.

"ಅದು... ಅದು ನಮ್ಮ ಅತ್ತೆ ಕೈಗೆ ಇನ್ನೂ ಬಂದಿಲ್ಲಮ್ಮ," ಎಂದ.

ಕಿಸಕ್ಕೆಂದರು ಹುಡುಗಿಯರು. ಇನ್ನೊಬ್ಬಳು ಎದ್ದು ಬ್ಯಾಟರಿ ಕೇಳಿದಳು. ಇಲ್ಲ. ಲಸಿಕೆ? ಇಲ್ಲ. ಹವಾಮಾನ? ತಲೆ ಕೆರೆದುಕೊಂಡ.

ಹೆಡ್ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಮೈಕು ಎಳೆದುಕೊಂಡರು. "ಮಕ್ಕಳೇ, ಇವರ ಗುರು ಯಾರೂಂತ ನನಗೆ ತಿಳಿದುಹೋಯ್ತು. ಗ್ರಂಥಾಲಯದ ವಿಶ್ವಕೋಶದಲ್ಲಿ ಮೊದಲೆರಡು ಸಂಪುಟ ಹರಿದು ಹರಿದು ಬೈಂಡಿಂಗಿಗೆ ಹೋದವು, ಕಳಿಸಿದವನು ನಾನೇ. ಊರಿನವರು ಅಕಾರದಿಂದ ಹೊರಟು ಣಕಾರಕ್ಕೆ ಬರೋ ಹೊತ್ತಿಗೆ ಸುಸ್ತಾಗ್ತಿದ್ರು. ಕೊನೆಯ ಎರಡನ್ನ ಯಾರೂ ಮುಟ್ಟಲಿಲ್ಲ. ಹಾಗಾಗಿ ನಮ್ಮ ಈ ಅಭ್ಯರ್ಥಿ ಣಕಾರದವರೆಗೆ ಮಹಾಪಂಡಿತರು!"

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಸೂರ್ಯ ಸಕಾರ. ಬ್ಯಾಟರಿ ಬಕಾರ. ಆಗ ಹೊಳೆಯಿತು ನನಗೆ! ಸೂರ್ಯನನ್ನೇ ಬಿಟ್ಟು ಇಂಧನ ಕಲಿಸಿದ್ದೆ. ಮುಖ ಕೆಂಡವಾಯಿತು. ಕಳಪೆ ಕೆಲಸ ನನ್ನದು, ನಗು ಅವನಿಗೆ. ಮೇಷ್ಟ್ರು ಅಷ್ಟು ಚೆನ್ನಾಗಿ ಹೇಳಬೇಕಾಗಿರಲಿಲ್ಲ.

ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಇನ್ನು ಇವನು ಬಾಯಿ ಬಿಡುವುದಿಲ್ಲ ಎಂದುಕೊಂಡೆವು.

ಇವನು ಕಿವಿ ತುರಿಸಿಕೊಂಡ. "ನಿಜ ಸಾರ್," ಎಂದ. "ಆದ್ರೆ ಎರಡು ವಾರದ ಹಿಂದೆ ನನಗೆ ಅಕಾರಾನೂ ಗೊತ್ತಿರಲಿಲ್ಲ. ಉಳಿದಿದ್ದು... ಆಗುತ್ತೆ ಬಿಡಿ."

ಅದೇ ಜನ ಮತ್ತೆ ನಕ್ಕರು, ಈ ಸಲದ ನಗು ಬೇರೆ. ಚಪ್ಪಾಳೆಯೂ ಬಂತು.

"ಹಾಗಾದ್ರೆ ಶಿಕ್ಷಣ ನೀತಿ ಸಾರ್?" ಜಡೆಯವಳು ಬಿಡುವವಳಲ್ಲ.

"ಅದೂ ಆ ಕಡೆ ಸಂಪುಟದಲ್ಲೇ ಇರೋದಮ್ಮ," ಎಂದ. "ಅದಕ್ಕೆ ನಾನು ನೋಡಿದ್ದೇ ಹೇಳ್ತೀನಿ. ಈ ಎರಡು ವಾರ ನಮ್ಮ ಅತ್ತೆ ನನ್ನನ್ನ ಮೇಜಿನ ಮುಂದೆ ಕೂರಿಸಿದ್ರು. ತಪ್ಪಿದ್ರೆ ಬೈದ್ರು. ಸರಿ ಹೇಳಿದ್ರೆ ಟೀ ಕೊಟ್ರು. ದಡ್ಡ ಅಂತ ಮಾತ್ರ ಒಂದ್ಸಲಾನೂ ಅನ್ಲಿಲ್ಲ. ಪ್ರತಿ ಮಗೂಗೂ ಹಾಗೆ ಒಬ್ಬರು ಸಿಗ್ಬೇಕು. ಟೀ ಬೇಡ, ಹಾಲು ಕೊಡ್ಲಿ."

ಆ ಸಭಾಂಗಣದ ಫ್ಯಾನುಗಳನ್ನು ಎಷ್ಟು ದಿನದಿಂದ ಒರೆಸಿಲ್ಲವೋ. ಕಣ್ಣಿಗೆ ಧೂಳು ಬಿತ್ತು.

ಅಷ್ಟಕ್ಕೆ ಮುಗಿದಿದ್ದರೆ ಗೆಲುವು ನಮ್ಮದೇ ಇತ್ತು. ಕೊನೆಯ ಪ್ರಶ್ನೆ ಒಂದು ಪುಟ್ಟ ಹುಡುಗಿಯದು. "ಅಂಕಲ್, ಕರೆಂಟು ಹೋಗೋದೇ ನಿಂತ್ರೆ ನಿಮ್ಮ ಅಂಗಡಿ ಏನಾಗುತ್ತೆ?"

"ಮುಚ್ಚುತ್ತೆ ಪುಟ್ಟಿ."

"ಮತ್ತೆ ನಾವು ನಿಮಗೆ ಯಾಕೆ ಓಟು ಹಾಕ್ಬೇಕು?"

ಇವನು ಕೂಲಂಕಷವಾಗಿ ಯೋಚಿಸಿದ. ಯೋಚಿಸಬಾರದಿತ್ತು. "ನಿಮ್ಮ ಮನೇಲಿ ಹೇಳು. ನನ್ನ ಅಂಗಡಿ ಮುಚ್ಚಿಸೋ ಅಷ್ಟು ಕರೆಂಟು ಯಾರು ತರ್ತಾರೋ ಅವರಿಗೆ ಹಾಕ್ಲಿ. ನಾನೂ ಅವರಿಗೇ ಹಾಕ್ತೀನಿ."

"ನಾನು ತರ್ತೀನಿ," ಎಂದರು ಹೆಡ್ಮೇಷ್ಟ್ರು ತಟ್ಟನೆ.

"ಹಾಗಾದ್ರೆ ಸಾರ್‌ಗೇ ಹಾಕ್ಲಿ," ಎಂದ ನಮ್ಮ ಪುಣ್ಯಾತ್ಮ.

ಪ್ರೆಸ್ಸಿನವನು ಹಣೆ ಚಚ್ಚಿಕೊಂಡ ಸದ್ದು ವೇದಿಕೆವರೆಗೂ ಕೇಳಿಸಿರಬೇಕು.

ಮಾರ್ಚ್ ೩, ಮಂಗಳವಾರ

ಹೆಡ್ಮೇಷ್ಟ್ರ ಹೊಸ ಕರಪತ್ರ: "ಜನರೇಟರ್ ಅಂಗಡಿ ಮುಚ್ಚಿಸುವ ಅಭ್ಯರ್ಥಿ! ಎದುರಾಳಿಯೇ ಒಪ್ಪಿದ್ದಾರೆ!" ಅಚ್ಚು ಹಾಕಿದವನು ನಮ್ಮ ಪ್ರೆಸ್ಸಿನವನೇ.

"ಊರಲ್ಲಿ ಇನ್ನೊಂದು ಪ್ರೆಸ್ಸಿಲ್ಲಮ್ಮ, ನಾನೇನು ಮಾಡ್ಲಿ?" ಎಂದು ಅಳುಮುಖ ಮಾಡಿದ.

ಅಳಿಯ ಕರಪತ್ರ ತಿರುಗಿಸಿ ನೋಡಿ, "ಮಡಿಕೆ ಈ ಸಲ ನೇರ ಬಂದಿದೆ ಕಣೋ" ಎಂದ. ಮಡಿಕೆ ನೋಡುವುದನ್ನು ಅವನಿಗೆ ಯಾರು ಕಲಿಸಿದರೋ.

"ನೀನು ಆ ಕೊನೇ ಮಾತು ಯಾಕೆ ಆಡಿದೆ?" ಎಂದು ಕೇಳಿದೆ.

"ಮಗು ಕೇಳಿದ್ದು ಸರಿ ಇತ್ತಲ್ಲ ಅತ್ತೆ."

ಮೇಸ್ತ್ರಿ ಫೋನು ಮಾಡಿದ್ದ. ನನ್ನ ಸೂರು ಮುಗಿಯಿತಂತೆ, ಯಾವಾಗ ಬೇಕಾದರೂ ಬರಬಹುದಂತೆ. ಹೊಸ ಗಾರೆಯ ವಾಸನೆ ನನಗಾಗುವುದಿಲ್ಲ. ಚುನಾವಣೆ ಮುಗಿಯಲಿ.

ಮಾರ್ಚ್ ೮, ಭಾನುವಾರ

ಓಟು ಹಾಕಿ ಬಂದೆ. ಯಾರಿಗೆಂದು ಇಲ್ಲೂ ಬರೆಯುವುದಿಲ್ಲ, ಅದು ಗುಟ್ಟು. ಹೊರಗೆ ಹೆಡ್ಮೇಷ್ಟ್ರು ಕೈಮುಗಿದು ನಿಂತಿದ್ದರು. "ಚೆನ್ನಾಗಿದ್ದೀರಾಮ್ಮ?" ಎಂದರು. ಅವರ ಮುಖ ನೋಡಲಾಗದೆ, ಬಸ್ಸು ಬಂತು ಎಂದು ಹೇಳಿ ಬಂದುಬಿಟ್ಟೆ. ಆ ಬೀದಿಯಲ್ಲಿ ಬಸ್ಸು ಓಡಾಡುವುದಿಲ್ಲ.

ಮಾರ್ಚ್ ೧೦, ಮಂಗಳವಾರ

ಸೋತೆವು.

ಸಂಜೆ ಹೆಡ್ಮೇಷ್ಟ್ರ ವಿಜಯದ ಸಭೆ ಶುರುವಾಗುತ್ತಲೇ ಕರೆಂಟು ಹೋಯಿತಂತೆ. ಫೋನು ಬಂತು. ಮಗಳು, ನಾನು ಇಬ್ಬರೂ "ಹೋಗ್ಬೇಡ" ಎಂದು ಕೈ ಆಡಿಸಿದೆವು.

"ಆಗುತ್ತೆ ಬಿಡಿ ಸಾರ್," ಎಂದಿತು ಆ ಪ್ರಾಣಿ.

ತಾನೇ ಗಾಡಿ ಹತ್ತಿ ಹೋಗಿ, ದೀಪ ಹತ್ತಿಸಿ, ಹಾರ ಹಾಕಿಸಿಕೊಂಡು ನಿಂತಿದ್ದ ಹೆಡ್ಮೇಷ್ಟ್ರ ಕಿವಿಯಲ್ಲಿ, "ಇದೇ ಕೊನೇ ಸಲ ಆಗ್ಲಿ ಸಾರ್, ಮಾತು ಕೊಟ್ಟಿದ್ದೀರಾ" ಎಂದು ಹೇಳಿ ಬಂದಿದ್ದಾನೆ. ಮೇಷ್ಟ್ರು ಆಮೇಲೆ ಭಾಷಣವನ್ನು ಬಹಳ ಚಿಕ್ಕದು ಮಾಡಿದರಂತೆ. ಮನೆಗೆ ಬಂದವನಿಗೆ ಟೀ ಕೊಟ್ಟೆ. ಕುಳಿತುಕೊಂಡೇ ಕುಡಿದ. ಬಾಯಿಗೇನೂ ಬೀಗ ಬಿದ್ದಿಲ್ಲ. ಗ್ರಹಣದ ಬಗ್ಗೆ ಮಗಳ ಜೊತೆ ವಾದ ಮಾಡಿ ಗೆದ್ದ.

ಮಾರ್ಚ್ ೧೪, ಶನಿವಾರ

ನಾಳೆ ಹೊರಡುವುದೆಂದು ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದ್ದೆ. ಸಂಜೆ ಅಳಿಯ ಬಂದು ಒಂದು ಪೊಟ್ಟಣ ಮೇಜಿನ ಮೇಲಿಟ್ಟ. ಬಿಚ್ಚಿದರೆ ವಿಶ್ವಕೋಶದ ನಾಲ್ಕನೇ ಸಂಪುಟ. ಯ ದಿಂದ ಳ. ಒಳಗೆ ಪುಟಗಳು ಹೊಸ ಸೀರೆಯ ಹಾಗೆ ಗರಿಗರಿ, ಹೊರಗೆ ಬೆನ್ನು ಮಾತ್ರ ಉದ್ದಕ್ಕೂ ಕಿತ್ತು ಬಂದಿದೆ.

"ಸ್ಕೂಟರಿಂದ ಬಿತ್ತು ಅತ್ತೆ," ಎಂದ, ಗೋಡೆ ನೋಡುತ್ತಾ.

ಕನ್ನಡಕ ಹಾಕಿಕೊಂಡು ನೋಡಿದೆ. ರಟ್ಟಿನ ಪಕ್ಕದಲ್ಲಿ ಬ್ಲೇಡು ಓಡಿದ ಗೆರೆ, ಸ್ಕೇಲು ಇಟ್ಟ ಹಾಗೆ.

"ಬಿದ್ದ ಪುಸ್ತಕ ಇಷ್ಟು ನೀಟಾಗಿ ಹರಿಯಲ್ಲ ಕಣೋ."

"ಜೋರಾಗಿ ಬಿತ್ತು."

"ಮೂರನೇದು ಎಲ್ಲಿ?"

"ಅದೂ ಬಿತ್ತು. ಹೊರಗೆ ಡಿಕ್ಕೀಲಿದೆ."

ಬೈದೆ. ಸಾರ್ವಜನಿಕರ ಸ್ವತ್ತು, ಚುನಾವಣೆಗೆ ನಿಂತವನು, ನಾಚಿಕೆಯಾಗಬೇಕು, ಜನ ನಿನ್ನನ್ನು ಸೋಲಿಸಿದ್ದೇ ಒಳ್ಳೇದಾಯ್ತು ಎಂದೆಲ್ಲ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದ:

"ಹರಿಯದೆ ನೀವು ಓದಲ್ಲ. ನೀವು ಓದದೆ ನನಗೆ ತಿಳಿಯಲ್ಲ. ಮುಂದಿನ ಚುನಾವಣೆಗೆ ಇನ್ನೂ ಐದು ವರ್ಷ ಇದೆ ಅತ್ತೆ. ಆ ಜಡೆ ಹುಡುಗಿ ಅಷ್ಟ್ರಲ್ಲಿ ಕಾಲೇಜಿಗೆ ಬಂದು ಇನ್ನೂ ಏನೇನು ಕೇಳ್ತಾಳೋ."

ಮಗಳು ಬಾಗಿಲ ಹಿಂದೆ ನಿಂತು ನಗುತ್ತಿದ್ದಳು. ಇಬ್ಬರೂ ಸೇರಿಯೇ ಮಾಡಿದ್ದಾರೆ.

ಬಿಚ್ಚಿದ ಪುಸ್ತಕವನ್ನು ಹಾಗೇ ಬಿಟ್ಟು ಹೋಗುವುದು ನನ್ನ ಕಸುಬಿನಲ್ಲಿಲ್ಲ. ಎರಡನೇ ಚೀಲ ಬಿಚ್ಚಿದೆ. ಸೂಜಿ, ದಾರ, ಕುಂಚ ಎಲ್ಲ ಸರಿಯಾಗಿದ್ದವು. ಒಲೆಯ ಮೇಲೆ ಮೈದಾ ಅಂಟು ಕುದಿಯಲು ಇಟ್ಟು, ಸೌರಶಕ್ತಿ ಎಲ್ಲಿದೆ ಎಂದು ಹಾಳೆ ತಿರುವಿದೆ. ಬಹಳ ಹಿಂದಿದೆ. ಅಲ್ಲಿಗೆ ಬರುವ ಮೊದಲು ಲಸಿಕೆ ಇದೆ, ವಿದ್ಯುತ್ತು ಇದೆ, ಶಿಕ್ಷಣ ಇದೆ.

ಅಂಟು ಒಣಗಲಿ, ಹೊರಡುತ್ತೇನೆ. ಈ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿಯೇ ಇದೆ, ಆದರೂ ಅಂಟು ಬೇಗ ಒಣಗುವ ಹಾಗೆ ಕಾಣುವುದಿಲ್ಲ.